ಹಾಜರಿ ನೂರಕ್ಕೆ ನೂರು

ತಾತ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವರು. ಒಂಬತ್ತು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಪುಟ್ಟ ಸ್ಟೂಲಿನ ಮೇಲೆ ಕೂತು, ಸಾಹೇಬರು ಬಾಯಿ ತೆರೆಯುವ ಮೊದಲೇ ಅವರ ಮಹಡಿಯ ಗುಂಡಿ ಒತ್ತಿಬಿಡುತ್ತಿದ್ದರು. ಆಮೇಲೆ ತಾನಾಗಿಯೇ ಓಡುವ ಲಿಫ್ಟ್ ಬಂತು, ಇವರನ್ನು ಮನೆಗೆ ಕಳಿಸಿದರು. ಒತ್ತಲು ಗುಂಡಿಯಿಲ್ಲದೆ ಎರಡು ವರ್ಷ ಒದ್ದಾಡಿದ ಮನುಷ್ಯನಿಗೆ ಮೊಮ್ಮಗಳ ಆನ್‌ಲೈನ್ ಕಾಲೇಜು ಹೊಸ ನೌಕರಿ ಸಿಕ್ಕಷ್ಟು ಖುಷಿ ಕೊಟ್ಟಿತು. ಎಡವಟ್ಟಾಗಿದ್ದೂ ಅಲ್ಲೇ.

ಮೊಮ್ಮಗಳು ಇನ್ನೂ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಚೆನ್ನಾಗಿ ಓದುವ ಮಕ್ಕಳು ಶಾಲೆ ಮುಗಿಸುವ ಮೊದಲೇ ಮನೆಯಲ್ಲಿ ಕೂತು ಕಾಲೇಜಿನ ಒಂದು ವಿಷಯ ಕಲಿಯಬಹುದು, ಪಾಸಾದರೆ ಮುಂದೆ ಕಾಲೇಜಿನಲ್ಲಿ ಅದನ್ನು ಮತ್ತೆ ಓದಬೇಕಾಗಿಲ್ಲ ಎಂದು ಶಾಲೆಯವರು ಹೊಸದೊಂದು ಏರ್ಪಾಡು ಮಾಡಿದ್ದರು. ಅವಳ ಅಮ್ಮ ಸುದ್ದಿ ಕೇಳಿದ ದಿನವೇ ಹೆಸರು ಬರೆಸಿಬಿಟ್ಟಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತೇ ಬೆಡ್‌ಶೀಟ್ ಒಗೆದು ಮಡಚುವವಳು ಅವಳು. ಓದು ಅರ್ಧಕ್ಕೇ ನಿಂತಿತ್ತು. ಓದಿದವರು ಅದೇ ಆಸ್ಪತ್ರೆಯಲ್ಲಿ ಕುರ್ಚಿಯ ಮೇಲೆ ಕೂತಿರುವುದನ್ನು ಗಾಜಿನಾಚೆಯಿಂದ ದಿನಾ ನೋಡುತ್ತಿದ್ದಳು. ಮಗಳು ಕೂತು ಮಾಡುವ ಕೆಲಸ ಹಿಡಿಯಬೇಕು ಎನ್ನುವುದೊಂದೇ ಅವಳ ಜಪ. ಮಗಳಿಗೆ ಬೇಕೇ ಬೇಡವೇ ಎಂದು ಕೇಳಲಿಲ್ಲ. ಬೇಡ ಎನ್ನಲು ಕಾರಣವಾದರೂ ಏನಿದ್ದೀತು?

ಹುಡುಗಿ ಬೆಳಗ್ಗೆ ಐದೂವರೆಗೆ ಎದ್ದು, ಏಳೂವರೆಗೆ ಶಾಲೆ ಸೇರಿ, ನಾಲ್ಕಕ್ಕೆ ಮನೆಗೆ ಬರುತ್ತಿದ್ದಳು. ನಾಲ್ಕೂವರೆಯಿಂದ ಆರರವರೆಗೆ ಕಾಲೇಜಿನ ಅಂಕಿಅಂಶ ಶಾಸ್ತ್ರದ ಪಾಠ. ಆಮೇಲೆ ಶಾಲೆಯ ಹೋಮ್‌ವರ್ಕ್, ಕಾಲೇಜಿನ ಹೋಮ್‌ವರ್ಕ್. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಅಮ್ಮ ಕನ್ನಡಕ ಬೇಕೇನೋ ಎಂದು ಡಾಕ್ಟರಿಗೂ ತೋರಿಸಿದ್ದಳು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದು ಕಳಿಸಿದ್ದರು.

ಆ ಪಾಠದಲ್ಲಿ ಯಾರ ಮುಖವೂ ಕಾಣುವುದಿಲ್ಲ, ಹೆಸರುಗಳಷ್ಟೇ. ಹುಡುಗರು ಕಂಪ್ಯೂಟರ್ ಹಚ್ಚಿಟ್ಟು ಎದ್ದುಹೋಗಬಾರದೆಂದು ಕಾಲೇಜಿನವರು ಒಂದು ಉಪಾಯ ಹೂಡಿದ್ದರು. ಪ್ರತಿ ಪಾಠದಲ್ಲಿ ನಾಲ್ಕು ಸಲ, ಹೊತ್ತಿಲ್ಲದ ಹೊತ್ತಿನಲ್ಲಿ, ಟಿಣ್ ಎಂದು ಸದ್ದಾಗಿ ಪರದೆಯ ಮೇಲೆ ‘ನೀವು ಇದ್ದೀರಾ?’ ಎಂಬ ಪ್ರಶ್ನೆ ಮೂಡುತ್ತಿತ್ತು. ಅರ್ಧ ನಿಮಿಷದೊಳಗೆ ‘ಇದ್ದೇನೆ’ ಎಂಬ ಗುಂಡಿ ಒತ್ತಬೇಕು. ಎರಡು ಸಲ ತಪ್ಪಿದರೆ ಆ ದಿನ ಗೈರು. ಸತತ ಮೂರು ದಿನ ಗೈರಾದರೆ ಹೆಸರೇ ಪಟ್ಟಿಯಿಂದ ಹೋಗುತ್ತದೆ.

ಎರಡನೇ ವಾರವೇ ಹುಡುಗಿ ಪಾಠದ ನಡುವೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ಟಿಣ್ ಎಂದಿತು. ತಾತ ಮಂಚದಿಂದ ಹಾರಿ ಬಂದು ಒತ್ತಿದರು. ಐದು ಸೆಕೆಂಡೂ ಹಿಡಿಯಲಿಲ್ಲ. ಅಂದಿನಿಂದ ಅದೇ ಅವರ ಕೆಲಸವಾಯಿತು. ನಾಲ್ಕೂಕಾಲಿಗೆ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪರದೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಮೇಷ್ಟರು ಹೇಳುವುದು ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ, ಹೋಗಬೇಕೆಂಬ ಆಸೆಯೂ ಇರಲಿಲ್ಲ. ಹುಡುಗಿ ಎದ್ದ ಮೇಲೆ ‘ನಾಲ್ಕಕ್ಕೆ ನಾಲ್ಕು, ಪುಟ್ಟಾ’ ಎಂದು ಎದೆಯುಬ್ಬಿಸಿ ಹೇಳುವರು. ಅವಳು ಏನನ್ನೂ ಹೇಳದೆ ಪರದೆ ಮುಚ್ಚುವಳು. ಆ ಮೌನವನ್ನು ತಾತ ಕೃತಜ್ಞತೆ ಎಂದುಕೊಂಡರು. ಗುಂಡಿ ಒತ್ತುವುದರಲ್ಲಿ ಎತ್ತಿದ ಕೈಯಾದರೂ, ಮುಖ ಓದುವುದರಲ್ಲಿ ಅವರು ಅಷ್ಟಕ್ಕಷ್ಟೇ.

ಹೀಗೆ ಮೂರು ತಿಂಗಳು ಕಳೆದ ಮೇಲೆ ಕಾಲೇಜಿನಿಂದ ಅಮ್ಮನ ಫೋನಿಗೆ ಪತ್ರ ಬಂತು. ಊಟಕ್ಕೆ ಕೂತಾಗ ಅವಳು ಅದನ್ನು ಗಟ್ಟಿಯಾಗಿ ಓದಿದಳು. ಇಡೀ ತರಗತಿಯಲ್ಲಿ ನೂರಕ್ಕೆ ನೂರು ಹಾಜರಿ ನಿಮ್ಮ ಮಗಳದ್ದೊಂದೇ, ಇಷ್ಟು ಶ್ರದ್ಧೆಯ ವಿದ್ಯಾರ್ಥಿನಿ ಮುಂದಿನ ಅವಧಿಯಲ್ಲಿ ಒಂದಲ್ಲ ಎರಡು ವಿಷಯ ತೆಗೆದುಕೊಳ್ಳಬಹುದು ಎಂದಿತ್ತು. ಅಮ್ಮನ ಮುಖ ಊರಗಲವಾಯಿತು. ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿದೆ ಎಂದಳು. ತಾತ ತಟ್ಟೆ ನೋಡಿಕೊಂಡು ಒಳಗೊಳಗೇ ನಕ್ಕರು. ಹುಡುಗಿ ಹೂಂ ಎಂದು ಎದ್ದುಹೋಗಿ ತಟ್ಟೆ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು.

ಮರುದಿನ ಪಾಠ ಶುರುವಾಗುವ ಮೊದಲು ಅವಳು ತಾತನ ಕುರ್ಚಿಯ ಬೆನ್ನು ಹಿಡಿದು ನಿಂತಳು.

‘ಇವತ್ತು ಒತ್ತಬೇಡ ತಾತಾ.’

‘ಯಾಕೆ ಪುಟ್ಟಾ, ನಿದ್ದೆ ಬರ್ತಿಲ್ವಾ?’

‘ಮೂರು ದಿನ ಗೈರಾದ್ರೆ ಹೆಸರು ತಾನಾಗೇ ಹೋಗತ್ತೆ. ಅಮ್ಮನ ಹತ್ರ ನಾನು ಬೇಡ ಅನ್ನಬೇಕಾಗಿರ್ಲಿಲ್ಲ. ಮೊದಮೊದಲು ನಿಜವಾಗಿ ನಿದ್ದೆ ಬರ್ತಿತ್ತು. ಆಮೇಲೆ ಬೇಕಂತಲೇ ಮಲಗ್ತಿದ್ದೆ.’ ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ‘ಒಂದು ದಿನಾನೂ ನೀನು ಬಿಡ್ಲೇ ಇಲ್ಲ.’

ಬಿಡು ಅಂತ ನೇರವಾಗಿ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಲು ಹೊರಟ ತಾತ ಬಾಯಿ ಮುಚ್ಚಿಕೊಂಡರು. ಈ ಮನೆಯಲ್ಲಿ ಯಾರು ಯಾವಾಗ ಅವಳನ್ನು ಕೇಳಿದ್ದರು? ಅವರೂ ಕೇಳಿರಲಿಲ್ಲ.

ಹುಡುಗಿ ಮೇಜಿನ ಮೇಲೆ ತಲೆಯಿಟ್ಟಳು, ಎರಡೇ ನಿಮಿಷದಲ್ಲಿ ಗಾಢ ನಿದ್ದೆ. ಐದೂಕಾಲರ ಹೊತ್ತಿಗೆ ಮೊದಲ ಟಿಣ್ ಆಯಿತು. ತಾತ ಎರಡೂ ಕೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು ಕೂತರು. ಅರ್ಧ ನಿಮಿಷ ಇಷ್ಟುದ್ದ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಪ್ರಶ್ನೆ ಅಳಿಸಿಹೋಯಿತು, ಹುಡುಗಿಯ ಹೆಸರಿನ ಪಕ್ಕ ಕೆಂಪು ಚುಕ್ಕೆಯೊಂದು ಬಂತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಯಾವತ್ತೂ ಆರೂಕಾಲಿಗೆ ಬರುವ ಅಮ್ಮ, ಮಗಳು ಪಾಠ ಕೇಳುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಒಂದು ಗಂಟೆ ಪರ್ಮಿಷನ್ ಕೇಳಿ ಬಂದಿದ್ದಳು. ಪಾಠಕ್ಕೆ ಅಡ್ಡಿಯಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಊದಿದ ಕಾಲನ್ನು ಒಂದೊಂದಾಗಿ ಊರುತ್ತ ಒಳಗೆ ಬಂದವಳು ಹಾಗೇ ನಿಂತಳು. ಪರದೆಯ ಮೇಲೆ ಮೇಷ್ಟರು ಯಾರಿಗೋ ಏನನ್ನೋ ವಿವರಿಸುತ್ತಿದ್ದರು. ಮಗಳು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ತನ್ನ ತಂದೆ ಇಸ್ತ್ರಿ ಅಂಗಿ ತೊಟ್ಟು, ಕೈ ಅಡಗಿಸಿಕೊಂಡು, ಕಳ್ಳನಂತೆ ಕೂತಿದ್ದರು.

ತಾತನಿಗೆ ಸುಳ್ಳು ಕಟ್ಟಲು ಬರುವುದಿಲ್ಲ. ‘ಆ ನೂರಕ್ಕೆ ನೂರು ಅವಳದ್ದಲ್ಲ ಕಣಮ್ಮಾ, ನಂದು,’ ಎಂದು ಪಿಸುದನಿಯಲ್ಲಿ ಶುರುಮಾಡಿ, ಗುಂಡಿಯ ಕಥೆಯಿಂದ ಹಿಡಿದು ಹುಡುಗಿ ಈಗಷ್ಟೇ ಹೇಳಿದ ಮಾತಿನವರೆಗೆ ಒಂದೂ ಬಿಡದೆ ಹೇಳಿ ಮುಗಿಸಿದರು.

ಅಮ್ಮ ಕೈಯಲ್ಲಿ ಹಿಡಿದ ಚಪ್ಪಲಿಯನ್ನು ಎಲ್ಲಿಡುವುದೆಂದು ತಿಳಿಯದವಳಂತೆ ಅತ್ತಿತ್ತ ನೋಡಿದಳು. ಆಗ ಎರಡನೆಯ ಟಿಣ್ ಆಯಿತು.

ಚಪ್ಪಲಿ ಕೈಬಿಟ್ಟು ಮುನ್ನುಗ್ಗಿದಳು ಅವಳು. ಬಿದ್ದ ಸದ್ದಿಗೂ ಮಗಳು ಏಳಲಿಲ್ಲ. ಸೋಪಿನ ನೀರಲ್ಲಿ ಸುಲಿದ ಬೆರಳು ಮೌಸಿನ ಮೇಲಿತ್ತು. ನೀವು ಇದ್ದೀರಾ ಎಂದು ಪರದೆ ಕೇಳುತ್ತಿತ್ತು, ಪಕ್ಕದಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಒತ್ತಿದರೆ ಕುರ್ಚಿ, ಕಾಲೇಜು, ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿದ ಪತ್ರ ಎಲ್ಲ ಇದ್ದಲ್ಲೇ ಇರುತ್ತದೆ. ಅಮ್ಮ ಪರದೆಯಿಂದ ಕಣ್ಣು ಕಿತ್ತು ಮಗಳ ಕಡೆ ನೋಡಿದಳು. ಕೆನ್ನೆಗೆ ಪೆನ್ನಿನ ಶಾಯಿ ಮೆತ್ತಿತ್ತು. ಈ ಮುಖವನ್ನು ಹಗಲು ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಯಿತೋ ಅವಳಿಗೇ ನೆನಪಾಗಲಿಲ್ಲ.

‘ದಿನಾ ಹೀಗೇ ಮಲಗ್ತಾಳಾ?’

‘ಹೂಂ.’

‘ಎಷ್ಟು ಹೊತ್ತು?’

‘ಪಾಠ ಮುಗಿಯೋವರೆಗೂ. ಒಂದೂವರೆ ಗಂಟೆ ಹತ್ರ ಆಗತ್ತೆ.’

ಸೆಕೆಂಡುಗಳು ಸೊನ್ನೆಗೆ ಬಂದವು. ಹೆಸರಿನ ಪಕ್ಕ ಎರಡನೇ ಕೆಂಪು ಚುಕ್ಕೆ ಮೂಡಿತು. ಅಮ್ಮ ಮೌಸಿನಿಂದ ಕೈ ತೆಗೆದಳು.

‘ಸದ್ಯ,’ ಎಂದಳು, ‘ಅಷ್ಟಾದರೂ ಮಲಗಿದ್ದಾಳಲ್ಲ.’

ಆಮೇಲೆ ಬಗ್ಗಿ ಮೇಷ್ಟರ ದನಿಯನ್ನು ಪೂರ್ತಿ ತಗ್ಗಿಸಿದಳು.