ಸೈನ್ಯಕ್ಕೆ ಸಾಲದ ಎದೆ

ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಒಬ್ಬ ವಿಧವೆಯ ಹಿರಿಮಗ ಸೈನ್ಯಕ್ಕೆ ಸೇರಲು ಹೋದಾಗ, ಜೊತೆಗೆ ಹೋಗಿದ್ದ ಅವಳ ಎದುರೇ ಡಾಕ್ಟರು ಅವನ ಎದೆಗೆ ಟೇಪು ಸುತ್ತಿ ನೋಡಿ, ತಲೆಯಾಡಿಸಿ ವಾಪಸ್ ಕಳಿಸಿದ್ದರು. ಅರೆಹೊಟ್ಟೆಯಲ್ಲೇ ಬೆಳೆದ ಹುಡುಗ. ಆ ಚಳಿಗಾಲದಲ್ಲೇ ಕೆಮ್ಮಿ ಕೆಮ್ಮಿ ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚಿದ.

ಮರುವರ್ಷ ಸರ್ಕಾರ ಶಾಲೆಗಳಲ್ಲಿ ಬಿಟ್ಟಿ ಊಟ ಶುರುಮಾಡಿತು. ಕಿರಿಮಗನ ಶಾಲೆಯ ಅಡುಗೆ ಕೆಲಸ ಅವಳಿಗೇ ಸಿಕ್ಕಿತು. ಅವನು ಹೊಟ್ಟೆ ತುಂಬ ತಿನ್ನುವುದನ್ನು ಕಣ್ಣಾರೆ ಕಂಡು, ಎಲ್ಲೋ ಕೂತು ಇದನ್ನು ಮಾಡಿಸಿದ ದೊಡ್ಡವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು.

ಒಂದು ಮಧ್ಯಾಹ್ನ ಮಕ್ಕಳ ತೂಕ ನೋಡಲು ಅದೇ ಡಾಕ್ಟರು ಬಂದರು. ಗುರುತು ಹಿಡಿದ ಅವಳು ಸೌಟು ಹಿಡಿದುಕೊಂಡೇ ಹತ್ತಿರ ಹೋದಳು.

“ಸ್ವಾಮಿ, ಈ ಕರುಣೆ ಸ್ವಲ್ಪ ಮೊದ್ಲೇ ಬಂದಿದ್ರೆ ನನ್ನ ದೊಡ್ಡ ಮಗ ಉಳೀತಿದ್ದ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಕರುಣೆ ಎಲ್ಲಿ ಬಂತಮ್ಮಾ? ಸೈನ್ಯಕ್ಕೆ ಬಂದ ಹುಡುಗರಲ್ಲಿ ಅರ್ಧಕ್ಕರ್ಧ ಜನಕ್ಕೆ ಬಂದೂಕು ಎತ್ತೋ ತ್ರಾಣಾನೂ ಇರ್ಲಿಲ್ಲ. ಯುದ್ಧಕ್ಕೆ ಆಳು ಸಿಗಲ್ಲ ಅಂತ ಮೇಲಿನವರಿಗೆ ದಿಗಿಲಾಯ್ತು. ಅದಕ್ಕೇ ಈ ಊಟ. ನಾಳೆ ಇವರು ಬೇಕಲ್ಲ.”

ಸಾಲಿನಲ್ಲಿ ಕೂತಿದ್ದ ಕಿರಿಮಗನ ಕೆನ್ನೆ ಈಚೆಗೆ ತುಂಬಿಕೊಂಡಿತ್ತು. ಇಷ್ಟು ದಿನ ಅದನ್ನು ನೋಡಿ ಹಿಗ್ಗುತ್ತಿದ್ದವಳಿಗೆ ಈಗ ಅತ್ತ ನೋಡಲೇ ಆಗಲಿಲ್ಲ.

“ಅಮ್ಮಾ, ಇನ್ನೊಂದ್ ಸೌಟು ಹಾಕು,” ಎಂದು ಅವನು ತಟ್ಟೆ ಒಡ್ಡಿದ.

ಅವಳು ಹಾಕಿದಳು. ಹಾಕದೆ ಏನು ಮಾಡಿಯಾಳು? ಸಂಬಳವೆಲ್ಲ ಬಾಡಿಗೆಗೇ ಸರಿಹೋಗುತ್ತಿತ್ತು. ಮನೆಯಲ್ಲಿ ಅವನಿಗೆ ಕೊಡಲು ಬೇರೇನೂ ಇರಲಿಲ್ಲ.