ತೊಳೆಯದ ಬಲೆ

ಹತ್ತನೇ ನಿಲ್ದಾಣದಲ್ಲಿ ಎತ್ತಿದ ಬಲೆಯನ್ನು ತೊಳೆಯದೆ ಹನ್ನೊಂದನೇ ನಿಲ್ದಾಣದಲ್ಲಿ ಇಳಿಸಿದರು. ಹನ್ನೊಂದರ ಬಾಟಲಿಗೆ ಹತ್ತರ ಜೀವಿಗಳು ಬಂದು ಸೇರಿದವು. ಹನ್ನೊಂದನೇ ನಿಲ್ದಾಣದ ನೀರು ಆರೋಗ್ಯವಾಗಿದೆ ಎಂದು ವರದಿಯಾಯಿತು. ವರದಿ ಬಂದ ಮೇಲೆ ದಡದ ಬಂಡೆಗಳಲ್ಲಿ ಚಿಪ್ಪು ಆಯುತ್ತಿದ್ದ ಹೆಂಗಸರನ್ನು ಅಲ್ಲಿಂದ ಎಬ್ಬಿಸಿದರು.

ನಿಲ್ದಾಣ ಅಂದರೆ ಅಲ್ಲಿ ಬೆಂಚೂ ಇಲ್ಲ, ನೆರಳೂ ಇಲ್ಲ. ನೀರಿನ ಮೇಲೆ ಗುರುತು ಹಾಕಿಕೊಂಡ ಒಂದು ಜಾಗ, ಅಷ್ಟೆ. ನೆಲ ದಡಕ್ಕೆ ಮುಗಿಯುವುದಿಲ್ಲ. ನೀರಿನಡಿಯಲ್ಲಿ ಬಹುದೂರದವರೆಗೆ ಜಗಲಿಯಂತೆ ಚಾಚಿಕೊಂಡಿದ್ದು, ಆಮೇಲೆ ಒಮ್ಮೆಲೇ ಪಾತಾಳಕ್ಕೆ ಇಳಿಯುತ್ತದೆ. ಆ ಜಗಲಿಯ ಮೇಲಿನ ಕಡಲನ್ನು ಸಮೀಕ್ಷೆಯ ಹಡಗು ವರ್ಷದಲ್ಲಿ ಕೆಲವು ಸಲ ಸುತ್ತಿ ಬರುತ್ತದೆ. ಪ್ರತಿ ನಿಲ್ದಾಣದಲ್ಲೂ ನಿಂತು ನೀರಿನ ಬಿಸಿ, ಉಪ್ಪು, ಆಮ್ಲಜನಕ ಅಳೆಯುತ್ತದೆ. ಆಮೇಲೆ ಬಲೆ ಇಳಿಯುತ್ತದೆ. ಮೀನಿನ ಬಲೆಯಲ್ಲ. ಸೀರೆಯ ಸೆರಗಿಗಿಂತ ನವಿರಾದ ಬಟ್ಟೆಯದು. ಬಾಯಿಗೆ ಒಬ್ಬ ಆಳು ಕೂರುವಷ್ಟು ಅಗಲದ ಕಬ್ಬಿಣದ ಬಳೆ, ಕೆಳಗೆ ಕಿರಿದಾಗುತ್ತಾ ಹೋದ ತುದಿಗೆ ಒಂದು ಡಬ್ಬಿ. ಪ್ಲಾಂಕ್ಟನ್ ಹಿಡಿಯುವುದಕ್ಕೆ. ನೀರು ಒಯ್ದ ಕಡೆಗೆ ತೇಲುವ, ಹೆಚ್ಚಿನವು ನುಚ್ಚಕ್ಕಿಗಿಂತ ಚಿಕ್ಕ ಜೀವಗಳು. ಮೀನಿನ ಮರಿ, ಏಡಿಯ ಮರಿ, ಚಿಪ್ಪಿನ ಮರಿ, ಎಲ್ಲದರ ತೊಟ್ಟಿಲೂ ಅಲ್ಲೇ. ಅವಿಲ್ಲದ ಕಡಲು ಬರೀ ಉಪ್ಪುನೀರು.

ಈ ಕೆಲಸಕ್ಕೆ ಇರುವುದು ಒಂದೇ ನೇಮ. ಎತ್ತಿದ ಬಲೆಯನ್ನು ಹೊರಗಿನಿಂದ, ಮೇಲಿಂದ ಕೆಳಕ್ಕೆ, ರಬ್ಬರ್ ಕೊಳವೆಯ ನೀರು ಹಾಯಿಸಿ ತೊಳೆಯಬೇಕು. ಬಟ್ಟೆಗೆ ಅಂಟಿದ್ದೆಲ್ಲ ಡಬ್ಬಿಗಿಳಿದು ಬಾಟಲಿ ಸೇರಿದ ಮೇಲೆ ಮತ್ತೊಮ್ಮೆ ತೊಳೆದು ಚೆಲ್ಲಬೇಕು. ಇಲ್ಲದಿದ್ದರೆ ಒಂದೂರಿನ ಜನಗಣತಿಯಲ್ಲಿ ಇನ್ನೊಂದೂರಿನವರ ಹೆಸರು ಸೇರಿಸಿದ ಹಾಗೆ. ಸ್ಮಶಾನದಲ್ಲೂ ಸಂಸಾರ ನಡೆದಿದೆ ಎಂದು ಬರೆಯಬಹುದು.

ಆ ನೇಮದ ಹೊಣೆ ಅವಳದು. ಜೀವಶಾಸ್ತ್ರದಲ್ಲಿ ಉದ್ದದ ಪದವಿ ಇದ್ದರೂ ಹಡಗಿನವರು ಕರೆಯುತ್ತಿದ್ದುದು ‘ಬಲೆ ಮೇಡಂ’ ಎಂದೇ. “ಬಲೆ ಮೇಡಂ ಮದುವೆಯಾದ್ರೆ ಗಂಡನ್ನೂ ತಲೆಕೆಳಗೆ ನೇತುಹಾಕಿ ತೊಳೀತಾರೆ” ಎನ್ನುತ್ತಿದ್ದ ವಿಂಚ್ ನಡೆಸುವವನು. ಉಕ್ಕಿನ ಹಗ್ಗದಲ್ಲಿ ಬಲೆ ಇಳಿಸಿ ಎತ್ತುವ ಆ ಯಂತ್ರಕ್ಕಿಂತ ಹೆಚ್ಚು ಸದ್ದು ಅವನ ಬಾಯಿಯದು. ಹಾಗಾಗಿ ಅವನ ಹೆಸರು ಮೌನಿ.

ಆ ಒಂದು ಸುತ್ತಿಗೆ ಮಾತ್ರ ಅವಳು ಹೋಗಿರಲಿಲ್ಲ. ಅಕ್ಕನಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಸಮೀಕ್ಷೆಯ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಅದೇ ಅಕ್ಕನ ಗಂಡ. “ನಾನು ಹಡಗು ಬಿಟ್ಟಿರೋಕಾಗಲ್ಲ. ನೀನು ಅವಳನ್ನ ನೋಡ್ಕೋ, ನಿನ್ನ ಬಲೆ ನಾನು ನೋಡ್ಕೋತೀನಿ” ಎಂದಿದ್ದರು ಭಾವ. ಅವಳು ಆಸ್ಪತ್ರೆಯಲ್ಲಿ ಅವರ ಹೆಂಡತಿಯ ತಲೆ ಬಾಚುತ್ತಿದ್ದಾಗ ಅವರು ಬಲೆ ನೋಡಿಕೊಂಡರು.

ಡಬ್ಬಿಯಲ್ಲಿ ಒಟ್ಟು ಎಷ್ಟು ಸಿಕ್ಕಿತು ಎಂಬ ಅಳತೆ ಹಡಗಿನಿಂದಲೇ ವರದಿಗೆ ಹೋಗುತ್ತದೆ. ಸಿಕ್ಕಿದ್ದು ಯಾವುದು ಯಾವುದು ಎಂದು ಆರಿಸುವ ಕೆಲಸಕ್ಕೆ ತಿಂಗಳುಗಳೇ ಬೇಕು. ಅದನ್ನು ಮಾಡುವುದು ದಡದ ಕಚೇರಿಯ ಹಿಂದಿನ ಕೋಣೆಯಲ್ಲಿ. ಜೀವಿಗಳು ಕೆಡದಂತೆ ಹಾಕಿಡುವ ಫಾರ್ಮಲಿನ್ ವಾಸನೆಗೆ ಅಲ್ಲಿ ಸೊಳ್ಳೆಯೂ ಸುಳಿಯುವುದಿಲ್ಲ. ಹನ್ನೊಂದರ ಬಾಟಲಿಯಿಂದ ಒಂದು ಚಮಚ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟವಳು ಕಣ್ಣೆತ್ತಿ, ಬಾಟಲಿಯ ಮೇಲಿನ ಚೀಟಿ ನೋಡಿ, ಮತ್ತೆ ಬಗ್ಗಿದಳು. ಉದ್ದ ಮೀಸೆಯ ಕೆಂಪು ಜೀವಿಗಳು. ಜಗಲಿಯ ಅಂಚಿನಾಚೆ, ಪಾತಾಳದ ತಣ್ಣೀರಲ್ಲಿ ಮಾತ್ರ ಬದುಕುವಂಥವು. ಹತ್ತನೇ ನಿಲ್ದಾಣ ಇರುವುದು ಆ ಅಂಚಿನಲ್ಲೇ. ಹನ್ನೊಂದು ಇರುವುದು ದಡದ ಹತ್ತಿರ, ಕಾರ್ಖಾನೆಯ ಪೈಪು ಕಡಲಿಗೆ ಬಾಯಿ ಬಿಟ್ಟಿರುವಲ್ಲಿ. ಅಡುಗೆಮನೆಯಲ್ಲಿ ಆನೆ ಕಂಡ ಹಾಗಾಯಿತು. ಅದೂ ಎಂಥ ಆನೆ? ಮೀಸೆ ಮುರಿದು, ಮೈ ಸುಕ್ಕುಗಟ್ಟಿ, ಬಿಸಿಲಿಗೆ ಒಣಗಿದ್ದು ಮತ್ತೆ ನೆನೆದದ್ದು. ಬಲೆಗೆ ಅಂಟಿ ಅರ್ಧ ಹಗಲು ಪಯಣ ಮಾಡಿ ಬಂದವು.

ಅವನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟಳು. ಆಮೇಲೆ ಉಳಿದದ್ದೆಂದರೆ ಮಸಿಯಂಥ ಒಂದಿಷ್ಟು ಕೊಳೆ.

ಮಾರನೆಯ ದಿನ ಅವಳು ಬಂಡೆಗಳ ಕಡೆ ಹೋದಳು. ಚಿಪ್ಪು ಆಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಅವಳ ಅಮ್ಮ. ಕಾವಲಿನವನು ನೆಟ್ಟು ಹೋದ ಫಲಕದ ಮೇಲೆ ಅಮ್ಮ ಒದ್ದೆ ಸೀರೆ ಹರವಿ, ಅದರ ನೆರಳಲ್ಲಿ ಕೂತಿದ್ದಳು. ಸೀರೆಯಂಚಿನ ಕೆಳಗೆ ಕೊನೆಯ ಸಾಲು ಇಣುಕುತ್ತಿತ್ತು: ‘ಮುಂದಿನ ಸಮೀಕ್ಷೆಯ ಫಲಿತಾಂಶದವರೆಗೆ ಪ್ರವೇಶವಿಲ್ಲ.’

“ಕೊನೆಗೂ ನಮಗೊಂದು ಕಂಬ ನೆಟ್ಟುಕೊಟ್ರು ನೋಡು. ಬಟ್ಟೆ ಒಣಗಿಸೋಕೆ ಎಷ್ಟು ವರ್ಷದಿಂದ ಕೇಳ್ತಿದ್ವಿ.”

“ಕಾವಲಿನವನು ಬಂದ್ರೆ?”

“ಬಂದಿದ್ದ ಪಾಪ. ಸೀರೆ ತೆಗೀರಿ ಅಂದ. ನೀನೇ ತೆಗಿಯಪ್ಪಾ, ಹೆಂಗಸಿನ ಸೀರೆಗೆ ಕೈ ಹಾಕ್ದೆ ಅಂತ ಊರಿಗೆಲ್ಲ ಹೇಳ್ತೀನಿ ಅಂದೆ. ಹೋದ.”

ಅವಳಿಗೆ ನಗು ಬರಲಿಲ್ಲ. ಅಮ್ಮನ ಬೆರಳ ತುದಿಗಳನ್ನೇ ನೋಡುತ್ತಿದ್ದಳು. ಚಿಪ್ಪಿನ ಅಂಚು ಕೊಯ್ದೂ ಕೊಯ್ದೂ ಗೆರೆಗಳೇ ಅಳಿಸಿಹೋದ ಬೆರಳುಗಳು. ಬಂಡೆಗೆ ಬೀಗ ಬಿದ್ದಾಗಿನಿಂದ ಅವು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

“ನೀರಲ್ಲಿ ದೋಷ ಇಲ್ವಂತೆ, ನಾವು ಅತಿಯಾಗಿ ಆಯ್ದೇ ಚಿಪ್ಪು ಕಮ್ಮಿಯಾಯ್ತಂತೆ” ಎಂದಳು ಅಮ್ಮ. “ಆ ಪೈಪಿನ ಪಕ್ಕದ ಬಂಡೆಗೆ ನಾವು ಕೈ ಹಚ್ಚೋದು ಬಿಟ್ಟು ಎಷ್ಟು ಕಾಲ ಆಯ್ತು? ಅಲ್ಲೇ ಮೊದಲು ಸತ್ತದ್ದು. ನಾವು ಮುಟ್ಟದೇ ಇದ್ದದ್ದು ನಮ್ಮಿಂದ ಹೆಂಗೆ ಸಾಯುತ್ತೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನೀರು ಚೆನ್ನಾಗಿದೆ ಅಂತ ಬರೆದೋರು ನಮ್ಮ ಅಳಿಯಂದಿರೇ ಅಲ್ವಾ?”

“ಹೂಂ.”

“ಮುಂದಿನ ಸಲಾನೂ ಹಾಗೇ ಬಂದ್ರೆ ಇಲ್ಲಿ ಪೂರ್ತಿ ಬೇಲಿ ಹಾಕ್ತಾರಂತೆ. ನಾನು ನಿನ್ನ ಹತ್ರ ಸಹಾಯ ಕೇಳ್ತಾ ಇಲ್ಲ ಸಣ್ಣಿ. ಒಂದೇ ಮಾತು ಕೇಳ್ತೀನಿ. ಆ ನೀರಲ್ಲಿ ಜೀವ ಇದೆಯಾ, ಇಲ್ವಾ?”

“ಗೊತ್ತಿಲ್ಲಮ್ಮ. ಬಲೆ ಹಾಕಿದೋರು ಅದನ್ನ ನೋಡೋಕೆ ಅಂತ ಹಾಕ್ಲಿಲ್ಲ.”

“ಹಾಗಿದ್ರೆ ನೀನು ನೋಡೋಕೆ ಅಂತ ಹಾಕು” ಎಂದು ಅಮ್ಮ ಸೀರೆಯ ಮಗ್ಗುಲು ತಿರುಗಿಸಿದಳು.

ಸಂಜೆ ಅವಳು ಅಕ್ಕನ ಮನೆಗೆ ಹೋದಾಗ ಭಾವ ಊಟದ ಮೇಜಿನ ಮೇಲೆ ಮುಂದಿನ ಸುತ್ತಿನ ನಕ್ಷೆ ಹರಡಿಕೊಂಡಿದ್ದರು. ಅಕ್ಕ ಹೊಲಿಗೆ ಹಾಕಿದ ಹೊಟ್ಟೆಗೆ ದಿಂಬು ಒತ್ತಿಕೊಂಡು ಎದುರು ಕೂತಿದ್ದಳು.

“ಹನ್ನೊಂದರ ಬಾಟಲೀಲಿ ಹತ್ತರ ಜೀವಿಗಳು ಸಿಕ್ಕಿವೆ ಭಾವ.”

“ಪಂಪು ಕೆಟ್ಟಿತ್ತು” ಎಂದರು ಭಾವ, ನಕ್ಷೆಯಿಂದ ತಲೆಯೆತ್ತದೆ.

ಬಲೆ ತೊಳೆದಿರಾ ಎಂದು ಅವಳಿನ್ನೂ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕದ್ದವನಲ್ಲದೆ ಇನ್ಯಾರು ಹೆಗಲು ಸವರಿಕೊಳ್ಳುತ್ತಾರೆ?

“ಆಮ್ಲಜನಕ ಅಳೆಯೋ ಯಂತ್ರಾನೂ ಅವತ್ತೇ ಕೆಟ್ಟಿತ್ತಾ? ಹನ್ನೊಂದರ ಮುಂದೆ ಖಾಲಿ ಬಿಟ್ಟಿದೀರಿ.”

ಭಾವ ಪೆನ್ನು ಕೆಳಗಿಟ್ಟರು. ಅವರದು ಏರು ದನಿಯಲ್ಲ, ಎಂದೂ ಅಲ್ಲ. “ಕೂತ್ಕೋ. ಮುಂದಿನ ವರ್ಷದಿಂದ ಹಡಗಿನ ಡೀಸೆಲ್ಲು ಯಾರದು ಗೊತ್ತಾ? ಆ ಪೈಪಿನವರದು. ಬೇರೆ ಯಾರೂ ಕೊಡೋರಿಲ್ಲ. ನಾನು ಎಷ್ಟು ಬಾಗಿಲು ತಟ್ಟಿದೀನಿ ಅಂತ ನಿನ್ನ ಅಕ್ಕನ್ನ ಕೇಳು. ಈ ಒಂದು ನಿಲ್ದಾಣ ಹಿಡಿದು ಕೂತ್ರೆ ಹಡಗು ನಿಲ್ಲುತ್ತೆ. ಆಗ ಇಡೀ ಕಡಲಿಗೆ ಏನಾಗ್ತಿದೆ ಅಂತ ನೋಡೋ ಕಣ್ಣೇ ಇರಲ್ಲ. ಒಂದು ಕಡೆ ಕಣ್ಣು ಮುಚ್ಚಿದ್ರೆ ಉಳಿದ ಕಡೆ ತೆರೆದಿರುತ್ತೆ. ಅಷ್ಟೇ ನಾನು ಮಾಡಿದ್ದು.”

ಸುಳ್ಳಲ್ಲ ಆ ಮಾತು. ಅದೇ ಅದರ ಕೇಡು. ಲೋಕದಲ್ಲಿ ಬಡವರ ಕೈಯಿಂದ ಕಿತ್ತುಕೊಂಡದ್ದೆಲ್ಲ ಇಂಥ ಮೆಲುದನಿಯಲ್ಲೇ, ಇಷ್ಟೇ ಸರಿಯೆನಿಸುವ ಮಾತಿನಲ್ಲೇ ಹೋಗಿದೆ. ಕಣ್ಣು ಮುಚ್ಚುವುದಕ್ಕೆ ಆರಿಸಿಕೊಂಡ ಜಾಗದಲ್ಲಿ ಯಾವಾಗಲೂ ಯಾರದೋ ತಾಯಿ ನಿಂತಿರುತ್ತಾಳೆ.

“ಮುಚ್ಚಿದ್ದು ನಿಮ್ಮ ಅತ್ತೆಯ ಬಂಡೆಯಲ್ಲಿ” ಎಂದಳು ಅವಳು.

“ಅತ್ತೆಯನ್ನ ನಾನು ನೋಡ್ಕೋತೀನಿ. ಇಲ್ಲೇ ಬಂದಿರಲಿ.”

“ಬಲೆಯನ್ನೂ ನೋಡ್ಕೋತೀನಿ ಅಂದಿದ್ರಿ.”

ಅಕ್ಕ ದಿಂಬಿಗೆ ಮುಖ ಒತ್ತಿ ನಗು ತಡೆದಳು. “ನಗಿಸಬೇಡ್ವೇ, ಹೊಲಿಗೆ ಬಿಟ್ಕೊಳ್ಳುತ್ತೆ.” ಆಮೇಲೆ ಗಂಡನ ಕಡೆ ತಿರುಗಿದಳು. ನಗು ಹೋಗಿತ್ತು. “ಪಂಪು ನಿಜವಾಗ್ಲೂ ಕೆಟ್ಟಿತ್ತಾ?”

ಭಾವ ನಕ್ಷೆ ಸುತ್ತತೊಡಗಿದರು. “ಒಂದು ಸಲ ಬಂದ ಫಲಿತಾಂಶವನ್ನ ಆಕಸ್ಮಿಕ ಅಂತಾರೆ. ಎರಡನೇ ಸಲ ಅದೇ ಬಂದ್ರೆ ವಿಜ್ಞಾನ ಅಂತಾರೆ. ಈ ಸಲ ನೀನು ಹಡಗಲ್ಲಿರ್ತೀಯ. ಹನ್ನೊಂದರ ಹತ್ತಿರ ಬಂದಾಗ ಕ್ಯಾಬಿನ್ನಿಗೆ ಹೋಗಿ ಮಲಗು. ಅಷ್ಟು ಮಾಡಿದ್ರೆ ಸಾಕು. ಈ ಕೆಲಸ ನಿಂಗೆ ಸಿಕ್ಕಿದ್ದು ನನ್ನ ಮಾತಿನ ಮೇಲೆ ಅನ್ನೋದನ್ನ ಮರೀಬೇಡ. ಉಂಡ ಮನೆ ಜಂತೆ ಎಣಿಸೋದು ಒಳ್ಳೇದಲ್ಲ.”

“ಜಂತೆಗೆ ಹುಳ ಹಿಡಿದಿದ್ರೆ ಎಣಿಸ್ಲೇಬೇಕು ಭಾವ. ತಲೆ ಮೇಲೆ ಬೀಳೋದು ಒಳಗೆ ಕೂತು ಉಣ್ಣೋರಿಗೇ.”

ಆ ಸುತ್ತಿನಲ್ಲಿ ಹತ್ತನೇ ನಿಲ್ದಾಣ ಮುಗಿದದ್ದು ಬೆಳಿಗ್ಗೆ. ಬಲೆ ತುಂಬ ಜೀವ ಬಂದಿತ್ತು. ಕೆಂಪಗೆ, ಡಬ್ಬಿಯ ಕಂಠಮಟ್ಟ. ಅವಳು ಡಬ್ಬಿ ಬಿಚ್ಚಿ ಬಾಟಲಿಗೆ ತುಂಬಿಸಿ, ಬಲೆಯನ್ನು ಎರಡನೇ ಸಲ ತೊಳೆಯಲು ರಬ್ಬರ್ ಕೊಳವೆ ತಿರುಗಿಸಿದರೆ ನೀರು ಒಮ್ಮೆ ಕೆಮ್ಮಿ ನಿಂತುಹೋಯಿತು. ಪಂಪು ಕೆಟ್ಟಿದೆ ಎಂದು ಕೆಳಗಿನಿಂದ ಕೂಗು ಬಂತು. ಅದರ ಬೆನ್ನಿಗೇ ಅಲೆ ಜೋರಾಗಿದೆ, ಹಿಂದಿನ ಡೆಕ್ಕಿನಲ್ಲಿ ಯಾರೂ ಇರಕೂಡದು ಎಂದು ಮುಖ್ಯಸ್ಥರ ಆದೇಶ. ಎಲ್ಲರನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಅಲೆ ಅಷ್ಟೇನೂ ಇರಲಿಲ್ಲ. ಕಿಟಕಿಯ ಗಾಜಿಗೆ ಮುಖ ಹಚ್ಚಿ ಅವಳು ನೋಡುತ್ತಿದ್ದಂತೆಯೇ ಬಲೆ ಬಿಸಿಲಿನಲ್ಲಿ ನೇತಾಡುತ್ತಾ ಒಣಗಿತು.

“ಹೋದ ಸಲಾನೂ ಹೀಗೇ ಮೇಡಂ” ಎಂದ ಪಕ್ಕದಲ್ಲಿ ನಿಂತ ಮೌನಿ. “ಆ ಪಂಪಿಗೆ ಹತ್ತು ದಾಟಿದ್ರೆ ಜ್ವರ, ಹನ್ನೊಂದು ದಾಟಿದ್ರೆ ಗುಣ. ನಮ್ಮ ಅತ್ತೆಗೂ ಹಾಗೇ ಇತ್ತು; ಕೆಲಸ ಮುಗಿದ ಮೇಲೆ ಸೊಂಟನೋವು ಹೋಗೋದು.”

ಮಧ್ಯಾಹ್ನ ಹಡಗು ಹನ್ನೊಂದರಲ್ಲಿ ನಿಂತಿತು. ಬಾಗಿಲು ತೆರೆದರು. ದೂರದಲ್ಲಿ ದಡದ ಬಂಡೆಗಳು, ಅವುಗಳ ನಡುವೆ ಬಣ್ಣದ ಚುಕ್ಕಿಯಂತೆ ಏನೋ ಒಂದು. ಫಲಕದ ಮೇಲಿನ ಸೀರೆ ಇರಬೇಕು. ನೀರಿಗೆ ಸುಟ್ಟ ರಬ್ಬರಿನ ವಾಸನೆ. ಒಂದು ಹಕ್ಕಿಯೂ ಇಲ್ಲ. ಡೆಕ್ಕಿಗೆ ಇಳಿಸಿಟ್ಟ ಬಲೆಯ ಬಟ್ಟೆ ತಳ ಹಿಡಿದ ಪಾತ್ರೆಯಂತೆ ಗಡುಸಾಗಿತ್ತು.

ಅವಳು ಬಕೆಟ್ಟಿಗೆ ಹಗ್ಗ ಕಟ್ಟಿ ಕಡಲಿಗೆ ಬಿಟ್ಟು ನೀರು ಸೇದಿದಳು. ಬಟ್ಟೆಯ ಹೊರಮೈಗೆ ಸುರಿದಳು. ಮತ್ತೆ ಸೇದಿದಳು.

“ಏನಿದು ಮೇಡಂ?” ಭಾವ ಹಿಂದೆ ಬಂದು ನಿಂತಿದ್ದರು. ಡೆಕ್ಕಿನ ಮೇಲೆ ಅವರು ಅವಳನ್ನು ಮೇಡಂ ಎನ್ನುತ್ತಿದ್ದರು.

“ಬಲೆ ತೊಳೀತಿದೀನಿ ಸಾರ್.”

“ಬಕೆಟ್ಟಲ್ಲಿ ತೊಳೆದ್ರೆ ಕತ್ತಲಾಗುತ್ತೆ. ಇಲ್ಲಿ ನಿಲ್ಲೋಕೆ ಅಷ್ಟು ಹೊತ್ತು ಇಲ್ಲ. ಇಳಿಸಿ.”

“ಪಂಪು ಹಾಕ್ಸಿ. ಈಗಲೇ ಮುಗಿಯುತ್ತೆ.”

“ಪಂಪು ಕೆಟ್ಟಿದೆ. ನೀವು ಕೆಳಗೆ ಹೋಗಿ. ಮೌನಿ, ವಿಂಚ್ ಹಾಕು.”

ಅವಳ ಕೈಯಿಂದ ಬಕೆಟ್ಟನ್ನು ತೆಗೆದುಕೊಂಡು ಅವರು ದೂರ ಇಟ್ಟರು. ಸಿಟ್ಟಿನಿಂದಲ್ಲ, ಕಾಲಿಗೆ ಅಡ್ಡವಾದ ಸಾಮಾನನ್ನು ಸರಿಸುವ ಹಾಗೆ. ಅವಳು ಖಾಲಿ ಕೈ ನೋಡಿಕೊಂಡಳು. ಆಮೇಲೆ ಡೆಕ್ಕಿನ ಮೇಲೆ ಮಲಗಿದ್ದ ಬಲೆಯ ಕಬ್ಬಿಣದ ಬಳೆಯೊಳಗೆ ಕಾಲಿಟ್ಟು, ಒಣಗಿದ ಬಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಮೌನಿ, ನಿಂಗೇ ಹೇಳಿದ್ದು” ಎಂದರು ಭಾವ.

ಮೌನಿ ಹಿಡಿಕೆ ಮುಟ್ಟಿ ನೋಡಿದ. ಆಮೇಲೆ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ. “ಸಾರ್, ಈ ವಿಂಚಿಗೆ ಬಲೆ ಎತ್ತೋ ಸರ್ಟಿಫಿಕೇಟ್ ಇದೆ. ಮನುಷ್ಯರನ್ನ ಎತ್ತೋದು ಇಲ್ಲ.” ಅಷ್ಟು ಹೇಳಿ ಬಾಯಿ ಮುಚ್ಚಿದ. ಹಡಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾವ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ದನಿ ಇನ್ನೂ ತಗ್ಗಿತು. “ಸಣ್ಣಿ, ಎದ್ದೇಳಮ್ಮ. ಹಡಗು ಕೈಬಿಟ್ಟು ಹೋಗುತ್ತೆ. ನಿನ್ನ ಕೆಲಸಾನೂ ಹೋಗುತ್ತೆ. ನಾನು ಉಳಿಸೋಕಾಗಲ್ಲ.”

“ಉಳಿಸಬೇಡಿ.”

“ನಿಮ್ಮ ಅಕ್ಕನಿಗೆ ನಾನೇನು ಹೇಳ್ಲಿ?”

“ಪಂಪು ಕೆಟ್ಟಿತ್ತು ಅನ್ನಿ.”

ಭಾವ ಎದ್ದು ನಿಂತರು, ಎಲ್ಲರಿಗೂ ಕೇಳುವಂತೆ ಹೇಳಿದರು: “ಈ ಸಮೀಕ್ಷೆಯ ಮುಖ್ಯಸ್ಥನಾಗಿ ಹೇಳ್ತಿದೀನಿ. ಬಲೆ ಬಿಟ್ಟು ಎದ್ದೇಳಿ. ಇದು ಆದೇಶ.”

ಅವಳು ಬಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಬ್ಬಿಣ ಬಿಸಿಲಿಗೆ ಕಾದಿತ್ತು.

“ಇಳಿಸೋದಾದ್ರೆ ನನ್ನ ಸಮೇತ ಇಳಿಸಿ ಭಾವ. ಹನ್ನೊಂದರಲ್ಲಿ ಒಂದು ಜೀವ ಇತ್ತು ಅಂತ ಬರೆದ್ರೆ ಆಗಲಾದ್ರೂ ನಿಜ ಇರುತ್ತೆ. ಅದು ಬೇಡ ಅಂದ್ರೆ ಆ ಬಕೆಟ್ಟು ಇತ್ತ ತಳ್ಳಿ. ತೊಳೆಯೋವರೆಗೆ ಈ ಬಲೆ ನೀರಿಗೆ ಇಳಿಯಲ್ಲ. ನಾನು ಇಳಿಸಲ್ಲ.”