ಏಳನೆಯವನನ್ನು ಹುಡುಕಿದವನು

"ಕೈ ತೆಗೀರಿ," ಎಂದಳು ಹಿಲ್ಕೆ. ಲಂಬರ್ಟ್ ಆಗಲೇ ಅವಳ ಅಪ್ಪನ ಶವಪೆಟ್ಟಿಗೆಯ ಹಿಡಿಕೆ ಹಿಡಿದಾಗಿತ್ತು.

"ನಿಮ್ಮಪ್ಪ ವೀಬ್ರನ್ನೂ ನಾನೂ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದೋರು ಕಣಮ್ಮಾ."

"ಹನ್ನೆರಡನೇ ವರ್ಷ ಏನಾಯ್ತು, ಅದನ್ನೂ ಹೇಳಿ."

ಮುದುಕ ಮೇಸ್ತ್ರಿ ಲಂಬರ್ಟ್ ಕೈ ತೆಗೆದ. ಆ ಜಾಗಕ್ಕೆ ವಿನಿಫ್ರೆಡ್ ಬಂದು ನಿಂತಳು. ಎಪ್ಪತ್ನಾಲ್ಕು ವರ್ಷದವಳು, ಸುದ್ದಿ ಕೇಳಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದಿದ್ದಳು.

"ಭಾರ ಇದೆ, ವಿನಿ ಅತ್ತೆ."

"ಇರ್ಲಿ ಬಿಡು. ಬದುಕಿದ್ದಾಗ ಮಾತ್ರ ಅವನೇನು ಸುಲಭಕ್ಕೆ ಅಲ್ಲಾಡ್ತಿದ್ನಾ?" ಎಂದಳು ತನ್ನ ಹರಕು ಡಚ್ಚಿನಲ್ಲಿ.

*

೧೯೬೮ರಲ್ಲಿ, ಡಚ್ಚರು ಕಡಲನ್ನು ಬರಿದು ಮಾಡಿ ಪಡೆದ ಹೊಸ ನೆಲದಲ್ಲಿ, ವೀಬ್ರನ್ ಕಾಲುವೆ ತೋಡುತ್ತಿದ್ದ. ಯಂತ್ರದ ಬಾಯಿಗೆ ಮೊದಲು ತಗಡು ಸಿಕ್ಕಿತು, ಆಮೇಲೆ ಒಂದು ಬೂಟು. ಬೂಟಿನೊಳಗೆ ಮೂಳೆ ಇತ್ತು. ಯುದ್ಧಕಾಲದಲ್ಲಿ ಬಿದ್ದ ಬಾಂಬರ್ ವಿಮಾನ.

"ಮುಚ್ಚು," ಎಂದ ಲಂಬರ್ಟ್. "ಬಾಂಬ್ ಇದ್ರೆ ಎಲ್ರೂ ಹೋಗ್ತೀವಿ. ಆಚೆ ತೋಡು."

"ಒಳಗೆ ಮನುಷ್ಯರಿದಾರೆ."

"ಸತ್ತು ಇಪ್ಪತ್ತೈದು ವರ್ಷ ಆಯ್ತಲ್ಲೋ!"

"ಅವರ ಅಮ್ಮಂದಿರಿಗೆ ಯಾರು ಹೇಳಿದಾರೆ?"

ವೀಬ್ರನ್ ಯಂತ್ರ ನಿಲ್ಲಿಸಿ ಅದರಲ್ಲೇ ಕೂತ. ಹೆಂಡತಿ ಬ್ರೆಡ್ಡು, ಕಾಫಿ ತಂದುಕೊಟ್ಟಳು. ಎರಡನೆಯ ದಿನ ಲಂಬರ್ಟ್ ಅವನನ್ನು ಕೆಲಸದಿಂದ ತೆಗೆದ.

"ಸರಿ, ಇನ್ನಾದರೂ ಇಳಿ."

"ಕೆಲಸದಿಂದ ತೆಗೆದ್ಮೇಲೆ ನಿನ್ನ ಮಾತು ನಾನ್ಯಾಕೆ ಕೇಳ್ಲಿ?"

ಸುದ್ದಿ ಮುಟ್ಟಿ ಮೂರನೆಯ ದಿನ ಸೈನಿಕರು ಬಂದು ಅಗೆದರು. ವಿಮಾನದಲ್ಲಿದ್ದ ಏಳು ಜನರಲ್ಲಿ ಆರು ಮಂದಿಯ ಅವಶೇಷ ದೊರೆಯಿತು. ಬಾಲದಲ್ಲಿ ಕೂತು ಗುಂಡು ಹಾರಿಸುತ್ತಿದ್ದ ಹುಡುಗ, ವಿನಿಫ್ರೆಡ್‌ಳ ತಮ್ಮ ಕ್ಲಿಫರ್ಡ್, ಸಿಗಲಿಲ್ಲ. ಅಧಿಕಾರಿಗಳು ಹುಡುಕಾಟ ನಿಲ್ಲಿಸಿದರು.

ವೀಬ್ರನ್ ನಿಲ್ಲಿಸಲಿಲ್ಲ. ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುವ ಕೆಲಸ ಹಿಡಿದ. ಪ್ರತಿ ಶನಿವಾರ ಸಲಿಕೆ ಹೊತ್ತು ವಿಮಾನ ಸಿಕ್ಕ ಜಾಗಕ್ಕೆ ಹೋದ. ಊರಿನವರು ನಕ್ಕರು. ಎರಡು ವರ್ಷದ ನಂತರ, ನಾನೂರು ಹೆಜ್ಜೆ ಆಚೆ, ಮುರಿದ ಬಾಲ ಸಿಕ್ಕಿತು. ಅದರಲ್ಲಿ ಕ್ಲಿಫರ್ಡ್ ಇದ್ದ.

ತಮ್ಮನನ್ನು ಮಣ್ಣು ಮಾಡಲು ಬಂದ ವಿನಿಫ್ರೆಡ್ ಕೇಳಿದಳು: "ನಿಮಗ್ಯಾಕೆ ಬೇಕಿತ್ತು ಇದೆಲ್ಲ?"

"ಆರು ಜನ ಮನೆಗೆ ಬಂದ್ರು. ಇನ್ನೊಬ್ಬನ್ನ ಹೊರಗೆ ಬಿಟ್ಟು ಬಾಗಿಲು ಹಾಕೋಕಾಗುತ್ತಾ?"

ಅಂದಿನಿಂದ ಅವಳು ವರ್ಷಕ್ಕೊಮ್ಮೆ ತಮ್ಮನ ಸಮಾಧಿಗೆ ಬರುತ್ತಿದ್ದಳು, ಉಳಿಯುತ್ತಿದ್ದುದು ವೀಬ್ರನ್ನನ ಮನೆಯಲ್ಲೇ.

*

ಪೆಟ್ಟಿಗೆ ಗುಂಡಿಗಿಳಿಯಿತು. ಒಬ್ಬೊಬ್ಬರೂ ಒಂದೊಂದು ಸಲಿಕೆ ಮಣ್ಣು ಹಾಕಿ, ಒಳಗೆ ಕಾಫಿಗೆ ಹೋಗುವುದು ಅಲ್ಲಿನ ರೂಢಿ. ವಿನಿಫ್ರೆಡ್ ಒಂದು ಹಾಕಿದಳು. ಇನ್ನೊಂದು ಹಾಕಿದಳು. ಮತ್ತೆ ಬಗ್ಗಿದಳು.

"ಸಾಕು ಅಜ್ಜಿ, ಉಳಿದದ್ದು ನಾವು ಮುಚ್ತೀವಿ," ಎಂದ ಸ್ಮಶಾನದ ಆಳು. "ಒಳಗೆ ಕಾಫಿ ಆರ್ತಿದೆ."

"ಆರ್ಲಿ."

ಲಂಬರ್ಟ್ ಹತ್ತಿರ ಬಂದ. "ಆವತ್ತು ಹೆದರಿಬಿಟ್ಟೆ, ಹಿಲ್ಕೆ. ನನಗೆ ಮೂರು ಮಕ್ಕಳು."

"ಅಪ್ಪನಿಗೂ ಮೂರೇ."

ಅವನು ಅಲ್ಲೇ ನಿಂತ. ಹಿಲ್ಕೆ ಕೋಟು ಕಳಚಿ ಆಳಿನ ಕೈಯಿಂದ ಸಲಿಕೆ ಕಿತ್ತುಕೊಂಡು ವಿನಿಫ್ರೆಡ್‌ಳ ಎದುರು ಬದಿಗೆ ನಿಂತಳು. ಕಾಫಿಗೆ ಹೊರಟವರೆಲ್ಲ ತಿರುಗಿ ನೋಡಿದರು. ಇಬ್ಬರು ಹೆಂಗಸರ ಸಲಿಕೆಗಳಿಂದ ಮಣ್ಣಿನ ಜತೆ ಹಳೆಯ ಕಡಲಿನ ಸಣ್ಣ ಬಿಳಿ ಕಪ್ಪೆಚಿಪ್ಪುಗಳು ಪೆಟ್ಟಿಗೆಯ ಮೇಲೆ ಟಕಟಕನೆ ಉದುರುತ್ತಿದ್ದವು.